ಆಲ್ಪ್ಸ್ ಪರ್ವತವೂ ಆಂಗ್ಲ ಅತಿಥಿಗಳೂ

ಎರಡು ದೇಶಗಳ ಸಂಬಂಧವೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಯುದ್ಧ, ಕೌಲು, ವ್ಯಾಪಾರ, ರಾಜವಂಶಗಳ ವಿವಾಹ—ಇವು. ಚರಿತ್ರೆಯ ಪುಸ್ತಕಗಳು ಬಹುಮಟ್ಟಿಗೆ ಇವನ್ನೇ ವರ್ಣಿಸುತ್ತವೆ. ಆದರೆ ಅತಿಥಿಗೂ ಆತಿಥೇಯನಿಗೂ ಇರುವ ನಂಟನ್ನೇ ಮುಖ್ಯ ಕಾರಣವಾಗಿ ಮಾಡಿಕೊಂಡು ಎರಡು ಜನಾಂಗಗಳು ಬಹುಕಾಲ ಹತ್ತಿರವಾಗಿ ಬಾಳಿದ ಉದಾಹರಣೆಯೂ ಉಂಟು. ಅದೇ ಸ್ವಿಟ್ಜರ್ಲೆಂಡಿಗೂ ಇಂಗ್ಲೆಂಡಿಗೂ ಉಳ್ಳ ಸಂಬಂಧ. ಒಂದು, ಸಮುದ್ರವನ್ನೇ ಕೋಟೆಯಾಗಿ ಮಾಡಿಕೊಂಡ ದ್ವೀಪ. ಇನ್ನೊಂದು, ಕಡಲ ದಡವನ್ನೇ ಕಾಣದ ಬೆಟ್ಟದ ನಾಡು. ಒಂದರ ಆಳ್ವಿಕೆ ಭೂಮಂಡಲದ ನಾಲ್ಕು ಮೂಲೆಗಳಿಗೂ ಹಬ್ಬಿತ್ತು. ಇನ್ನೊಂದಕ್ಕೆ ಕಡಲಾಚೆ ಆಳಲು ಒಂದು ಮೊಳ ನೆಲವೂ ಇರಲಿಲ್ಲ. ಇವೆರಡಕ್ಕೂ ಗಂಟುಬಿದ್ದುದು ಹೇಗೆ, ಅದರಿಂದ ಯಾರು ಏನನ್ನು ಪಡೆದರು, ಯಾರು ಏನನ್ನು ತೆತ್ತರು ಎಂಬುದನ್ನು ವಿಚಾರಮಾಡುವುದೇ ಇಲ್ಲಿನ ಉದ್ದೇಶ.

ಸ್ವಿಟ್ಜರ್ಲೆಂಡ್ ಎಂದರೆ ಐಶ್ವರ್ಯ, ಗಡಿಯಾರ, ಬ್ಯಾಂಕು, ಶುಭ್ರವಾದ ಬೀದಿ ಎಂಬ ಭಾವನೆ ನಮ್ಮಲ್ಲಿ ರೂಢಮೂಲವಾಗಿದೆ. ಕನ್ನಡಿಗರಿಗೆ ಆ ದೇಶದ ಒಂದು ಊರಿನ ಹೆಸರಂತೂ ಬಹುದಿನದ ಪರಿಚಯ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಅಚ್ಚುಕೂಟವನ್ನೂ ಹೆಂಚಿನ ಕಾರ್ಖಾನೆಯನ್ನೂ ಕೇಳದವರು ವಿರಳ. ಆದರೆ ಈ ದೇಶ ಹಿಂದೆ ಐಶ್ವರ್ಯವಂತವಾಗಿರಲಿಲ್ಲ. ಬೆಟ್ಟದ ಪ್ರಾಂತಗಳಲ್ಲಿ ಉಳುವ ನೆಲ ಕಡಿಮೆ, ಚಳಿಗಾಲ ದೀರ್ಘ, ಮಕ್ಕಳು ಹೆಚ್ಚು. ಹುಲ್ಲು, ಹಾಲು, ಗಿಣ್ಣು ಇಷ್ಟರಿಂದ ಎಲ್ಲರ ಹೊಟ್ಟೆಯೂ ತುಂಬುತ್ತಿರಲಿಲ್ಲ. ಆದಕಾರಣ ಆ ನಾಡು ಹೊರಕ್ಕೆ ಕಳುಹಿಸಿದ ಮುಖ್ಯ ಸರಕು ಮನುಷ್ಯರೇ ಆದರು. ಫ್ರಾನ್ಸಿನ ದೊರೆಗೂ ಹಾಲೆಂಡಿನ ಕಂಪನಿಗೂ ಇಟಲಿಯ ಅರಸರಿಗೂ ಸ್ವಿಸ್ ಯುವಕರು ಕೂಲಿಯ ಸಿಪಾಯಿಗಳಾಗಿ ದುಡಿದರು.

ಇದರ ಕುರುಹನ್ನು ನೋಡಲು ನಾವು ದೂರ ಹೋಗಬೇಕಾದುದಿಲ್ಲ. ನ್ಯೂಷಾಟೆಲ್ ಪ್ರಾಂತದ ಡಿ ಮ್ಯೂರಾನ್ ಎಂಬಾತನು 1781ರಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಗಾಗಿ ಒಂದು ಪಟಾಲಮನ್ನು ಕೂಡಿಸಿದನು. ಅದು ಸಿಂಹಳಕ್ಕೆ ಬಂದು, 1795ರಲ್ಲಿ ಇಂಗ್ಲಿಷರ ಸಂಬಳಕ್ಕೆ ಸೇರಿ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಹೋರಾಡಿತು. ಆ ಪಟಾಲಮಿನವರ ಸಮಾಧಿಗಳು ಕಾವೇರಿಯ ಬಳಿಯ ಶ್ಮಶಾನದಲ್ಲಿ ಈಗಲೂ ಇವೆ. ಟಿಪ್ಪುವಿನ ಮೇಲೆ ಯಾವ ಹಗೆಯೂ ಇಲ್ಲದ, ಆಂಗ್ಲರ ಮೇಲೆ ಯಾವ ವಿಶೇಷ ಪ್ರೀತಿಯೂ ಇಲ್ಲದ ಆಲ್ಪ್ಸ್ ಸೀಮೆಯ ಹುಡುಗರು ಅನ್ನಕ್ಕಾಗಿ ಇಷ್ಟು ದೂರ ಬಂದು ನಮ್ಮ ಮಣ್ಣಿನಲ್ಲಿ ಮಲಗಿದರು. ಸ್ವಿಟ್ಜರ್ಲೆಂಡಿನ 1848ರ ರಾಜ್ಯಾಂಗವು ಇಂತಹ ಹೊಸ ಕರಾರುಗಳನ್ನು ನಿಷೇಧಿಸಿತು. 1859ರ ಕಾನೂನು ಪರದೇಶದ ಪಟಾಲಮುಗಳಿಗೆ ಸೇರುವುದನ್ನೇ ತಡೆಯಿತು. ಹೀಗೆ ಮಕ್ಕಳನ್ನು ಹೊರಕ್ಕೆ ಮಾರುವ ವೃತ್ತಿ ನಿಂತ ಆ ಕಾಲದಲ್ಲಿಯೇ ಹೊರಗಿನವರ ಮಕ್ಕಳನ್ನು ಒಳಕ್ಕೆ ಕರೆಯುವ ವೃತ್ತಿ ತಲೆಯೆತ್ತಿತು. ಈ ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ಮುಂದಿನ ಕಥೆಯ ಅರ್ಥ ಸ್ಪಷ್ಟವಾಗುತ್ತದೆ.

ಆಂಗ್ಲರು ಆ ನಾಡಿಗೆ ಮೊದಲು ಹೋದುದು ಬೆಟ್ಟವನ್ನು ನೋಡುವುದಕ್ಕಲ್ಲ. 16ನೆಯ ಶತಮಾನದಲ್ಲಿ ರಾಣಿ ಮೇರಿಯ ಆಳ್ವಿಕೆಗೆ ಹೆದರಿದ ಪ್ರಾಟೆಸ್ಟಂಟರು ಜಿನೀವಾ ನಗರದಲ್ಲಿ ಆಶ್ರಯ ಪಡೆದರು. ಅವರು ಇಂಗ್ಲಿಷಿಗೆ ತಂದ ಬೈಬಲ್ ಅಲ್ಲಿಯೇ 1560ರಲ್ಲಿ ಅಚ್ಚಾಯಿತು. ಎರಡು ಶತಮಾನಗಳ ತರುವಾಯ ಎಡ್ವರ್ಡ್ ಗಿಬ್ಬನ್ ಲೋಜಾನ್ ನಗರದಲ್ಲಿ ನೆಲೆಸಿ, ರೋಮ್ ಸಾಮ್ರಾಜ್ಯದ ಅವನತಿಯನ್ನು ಕುರಿತ ತನ್ನ ಮಹಾಗ್ರಂಥವನ್ನು 1787ರಲ್ಲಿ ಮುಗಿಸಿದನು. ಇವರೆಲ್ಲರಿಗೂ ಸ್ವಿಟ್ಜರ್ಲೆಂಡ್ ಆಶ್ರಯಸ್ಥಾನ, ಇಲ್ಲವೆ ಓದಿಗೆ ತಕ್ಕ ಶಾಂತವಾದ ಊರು. ಹಿಮದ ಶಿಖರಗಳಾದರೋ ಭಯದ ಎಡೆ. ಟ್ಸೂರಿಕ್ ನಗರದ ವಿದ್ವಾಂಸನಾದ ಷಾಯ್ಖ್‌ಟ್ಸರ್ 18ನೆಯ ಶತಮಾನದ ಮೊದಲಿನಲ್ಲಿ ಆ ಬೆಟ್ಟಗಳ ಗಿಡ, ಕಲ್ಲು, ಹಿಮನದಿಗಳ ಜೊತೆಗೆ ಅಲ್ಲಿನ ಬೆಂಕಿಯುಗುಳುವ ಸರ್ಪಗಳ ಕಥೆಗಳನ್ನೂ ಶ್ರದ್ಧೆಯಿಂದ ಸಂಗ್ರಹಿಸಿದನು.

ಅಭಿರುಚಿ ಬದಲಾದುದು ಕಾವ್ಯದಿಂದ. ಹಾಲರ್ ಎಂಬ ಸ್ವಿಸ್ ವೈದ್ಯಕವಿ ಆಲ್ಪ್ಸನ್ನು ಹಾಡಿದನು. ರೂಸೋ 1761ರಲ್ಲಿ ಪ್ರಕಟವಾದ ತನ್ನ ಕಾದಂಬರಿಯನ್ನು ಜಿನೀವಾ ಸರೋವರದ ದಡದಲ್ಲಿ ನೆಲೆಗೊಳಿಸಿದನು. ಭಯಾನಕವಾಗಿದ್ದುದು ರಮಣೀಯವಾಯಿತು. 1816ರ ಬೇಸಗೆಯಲ್ಲಿ ಬೈರನ್ನನೂ ಷೆಲ್ಲಿಯೂ ಮೇರಿಯೂ ಆ ಸರೋವರದ ಬಳಿ ಬೀಡುಬಿಟ್ಟಿದ್ದರು. ಎಡೆಬಿಡದ ಮಳೆ, ಚಳಿ. ಹೊರಗೆ ಕಾಲಿಡಲಾಗದೆ ಅವರು ದೆವ್ವದ ಕಥೆಗಳನ್ನು ಕಟ್ಟತೊಡಗಿದರು. ಅದರಿಂದ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿತು. ಸಾಹಿತ್ಯಚರಿತ್ರೆಯಲ್ಲಿ ಇದು ಪ್ರಸಿದ್ಧವಾದ ಸಂಗತಿ. ಅದೇ ಮಳೆಯ ಇನ್ನೊಂದು ಮುಖ ಅಷ್ಟು ಪ್ರಸಿದ್ಧವಲ್ಲ. ಹಿಂದಿನ ವರ್ಷ ಪೂರ್ವದ್ವೀಪಗಳಲ್ಲಿನ ತಾಂಬೋರಾ ಜ್ವಾಲಾಮುಖಿ ಸಿಡಿದು ಅದರ ಧೂಳು ಬಿಸಿಲನ್ನು ಮರೆಮಾಡಿತ್ತು, ಪೈರು ಕೊಳೆಯಿತು, ಪೂರ್ವ ಸ್ವಿಟ್ಜರ್ಲೆಂಡಿನಲ್ಲಿ ಕ್ಷಾಮ ಬಂದಿತು. ಕೆಲವು ವರ್ಷಗಳೊಳಗೆ ಫ್ರೀಬೂರ್ ಪ್ರಾಂತದ ಬಡವರು ಹಡಗು ಹತ್ತಿ ಬ್ರೆಜಿಲ್ ದೇಶಕ್ಕೆ ವಲಸೆಹೋದರು. ಅತಿಥಿಗೆ ಕಥೆಯನ್ನು ಕೊಟ್ಟ ಮೋಡವೇ ಮನೆಯವನ ಅನ್ನವನ್ನು ಕಸಿಯಿತು.

1838ರಲ್ಲಿ ಲಂಡನ್ನಿನ ಮರ್ರೆಯವರು ಸ್ವಿಟ್ಜರ್ಲೆಂಡಿನ ಕೈಪಿಡಿಯನ್ನು ಪ್ರಕಟಿಸಿದರು. ಯಾವ ದಾರಿ, ಯಾವ ಛತ್ರ, ಯಾವ ನೋಟ ಎಂಬುದೆಲ್ಲ ಅದರಲ್ಲಿ ಇತ್ತು. ಅಲ್ಲಿಂದ ಮುಂದೆ ಬಂದ ಆಂಗ್ಲರು ನೋಡಿ ತೃಪ್ತರಾಗುವವರಲ್ಲ, ಹತ್ತಿಯೇ ತೀರಬೇಕೆನ್ನುವವರು. ವಕೀಲರು, ಪಾದ್ರಿಗಳು, ಕಾಲೇಜಿನ ಉಪಾಧ್ಯಾಯರು, ಬೇಸಗೆಯ ರಜವುಳ್ಳ ಮಧ್ಯಮವರ್ಗದವರು—ಇವರೇ 1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ಬನ್ನು ಸ್ಥಾಪಿಸಿದರು. ಸ್ವಿಸ್ ಜನ ತಮ್ಮದೇ ಆದ ಪರ್ವತಸಂಘವನ್ನು ಕಟ್ಟಿಕೊಂಡದ್ದು ಆರು ವರ್ಷಗಳ ತರುವಾಯ, 1863ರಲ್ಲಿ. ತಮ್ಮ ಬೆಟ್ಟದ ಬೆಲೆಯನ್ನು ಅವರು ಪರರ ಕಣ್ಣಿನಿಂದ ಅರಿತರೆಂದು ಹೇಳುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಪರರ ಕಣ್ಣು ಬೆಲೆಯನ್ನು ಕಟ್ಟಿತು. ಆದರೆ ಬೆಟ್ಟದ ಮೇಲೆ ದಾರಿಯನ್ನು ಕಂಡದ್ದು ಊರವರ ಕಣ್ಣು.

1858ರಲ್ಲಿ ಐಗರ್ ಶಿಖರವನ್ನು ಮೊದಲು ಏರಿದವನು ಐರ್ಲೆಂಡಿನ ಬ್ಯಾರಿಂಗ್ಟನ್ ಎಂದು ಗ್ರಂಥಗಳು ಹೇಳುತ್ತವೆ. ಅವನೊಡನೆ ಇದ್ದವರು ಗ್ರಿಂಡಲ್‌ವಾಲ್ಡ್ ಸೀಮೆಯ ಕ್ರಿಶ್ಚಿಯನ್ ಆಲ್ಮರ್, ಪೀಟರ್ ಬೋರೆನ್ ಎಂಬ ಇಬ್ಬರು ಮಾರ್ಗದರ್ಶಿಗಳು. ಮಂಜುಗಡ್ಡೆಯಲ್ಲಿ ಕೊಡಲಿಯಿಂದ ಒಂದೊಂದೇ ಮೆಟ್ಟಿಲನ್ನು ಕಡಿಯುವುದು, ಬಿರುಕುಗಳನ್ನು ಗುರುತಿಸುವುದು, ಮೋಡದ ಬಣ್ಣವನ್ನು ಓದಿ ಹಿಂತಿರುಗಬೇಕೋ ಬೇಡವೋ ಎಂದು ನಿಶ್ಚಯಿಸುವುದು, ಇದೆಲ್ಲ ಇವರಂತಹವರ ಕೆಲಸ. ಆಂಗ್ಲ ವಿಮರ್ಶಕನಾದ ಲೆಸ್ಲಿ ಸ್ಟೀಫನ್ ತಾನು ಶಿಖರಗಳನ್ನೇರಿದ ಯಶಸ್ಸು ಬಹುಪಾಲು ಮಾರ್ಗದರ್ಶಿಗಳದೆಂದು ಧಾರಾಳವಾಗಿ ಒಪ್ಪಿಕೊಂಡವನು. ಆದರೂ 1871ರಲ್ಲಿ ಪ್ರಕಟವಾದ ಆತನ ಪುಸ್ತಕಕ್ಕೆ ‘ಯೂರೋಪಿನ ಆಟದ ಬಯಲು’ ಎಂಬ ಅರ್ಥದ ಹೆಸರು. ಆಡುವವನಿಗೆ ಅದು ಆಟದ ಬಯಲು. ಹಗ್ಗದ ಇನ್ನೊಂದು ತುದಿಯಲ್ಲಿದ್ದವನಿಗೆ ಅದು ಹೊಲ. ಬೇಸಗೆಯಲ್ಲಿ ಅಲ್ಲಿ ದುಡಿದದ್ದರಿಂದ ಚಳಿಗಾಲದಲ್ಲಿ ಮನೆ ನಡೆಯಬೇಕು.

1850ರ ದಶಕದಲ್ಲಿಯೇ ಬರ್ನ್ ಮುಂತಾದ ಪ್ರಾಂತಗಳು ಮಾರ್ಗದರ್ಶಿಗಳಿಗೆ ಕಟ್ಟಳೆಗಳನ್ನು ಮಾಡಿದವು. ಮಾರ್ಗದರ್ಶಿಯು ಒಂದು ಚಿಕ್ಕ ಪುಸ್ತಕವನ್ನು ಸದಾ ಇಟ್ಟುಕೊಂಡಿರಬೇಕು. ಸೇವೆ ಮುಗಿದಮೇಲೆ ಯಾತ್ರಿಕನು ಅದರಲ್ಲಿ ಅವನ ಯೋಗ್ಯತೆಯನ್ನು ಬರೆಯಬೇಕು. ಇಂಗ್ಲಿಷಿನಲ್ಲಿ ಬರೆದುದನ್ನು ಓದಲಾರದ ಮಾರ್ಗದರ್ಶಿಗಳೂ ಇದ್ದರು. ತನ್ನ ಜೀವನವನ್ನು ನಿರ್ಧರಿಸುವ ನಾಲ್ಕು ಸಾಲನ್ನು ತಾನೇ ತಿಳಿಯದೆ ಮುಂದಿನ ಗಿರಾಕಿಯ ಕೈಗೆ ಕೊಡುತ್ತಿದ್ದ ಆ ಮನುಷ್ಯನ ಸ್ಥಿತಿಯನ್ನು ನಾವು ಊಹಿಸಿಕೊಳ್ಳಬೇಕು.

ಆದರೂ ಈ ಸಂಬಂಧ ಕೇವಲ ಕೂಲಿಯ ಸಂಬಂಧವಾಗಿ ಉಳಿಯಲಿಲ್ಲ. ವರ್ಷವರ್ಷವೂ ಅದೇ ಯಾತ್ರಿಕ ಅದೇ ಮಾರ್ಗದರ್ಶಿಯನ್ನು ಅರಸಿಕೊಂಡು ಬರುತ್ತಿದ್ದನು. ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡವರ ನಡುವೆ ಅಂತಸ್ತಿನ ಮಾತು ಬಹಳ ಹೊತ್ತು ನಿಲ್ಲಲಾರದು. 1871ರಲ್ಲಿ ಲೂಸಿ ವಾಕರ್ ಎಂಬ ಆಂಗ್ಲ ಮಹಿಳೆ ಮ್ಯಾಟರ್‌ಹಾರ್ನ್ ಶಿಖರವನ್ನೇರಿದ ಸ್ತ್ರೀಯರಲ್ಲಿ ಮೊದಲಿಗಳಾದುದು ತನ್ನ ಬಹುಕಾಲದ ಮಾರ್ಗದರ್ಶಿ ಮೆಲ್ಕಿಯರ್ ಆಂಡರೆಗ್ಗನ ಜೊತೆಯಲ್ಲಿ.

ಈ ನಂಟಿನ ಅತ್ಯಂತ ಕಠಿಣ ಪರೀಕ್ಷೆ ನಡೆದದ್ದು ಅದೇ ಮ್ಯಾಟರ್‌ಹಾರ್ನ್ ಶಿಖರದಲ್ಲಿ, 1865ರ ಜುಲೈ 14ರಂದು. ಸುಮಾರು 14,690 ಅಡಿ ಎತ್ತರದ ಆ ಶಿಖರವನ್ನು ಆವರೆಗೆ ಯಾರೂ ಏರಿರಲಿಲ್ಲ. ಮರದ ಅಚ್ಚು ಕೊರೆಯುವ ವೃತ್ತಿಯ ಎಡ್ವರ್ಡ್ ವಿಂಪರ್, ಪಾದ್ರಿ ಹಡ್ಸನ್, ಹದಿಹರೆಯದವರಾದ ಹ್ಯಾಡೋ ಮತ್ತು ಲಾರ್ಡ್ ಫ್ರಾನ್ಸಿಸ್ ಡಗ್ಲಸ್—ಈ ನಾಲ್ವರು ಆಂಗ್ಲರು. ಷಾಮೊನಿಯ ಮಿಷೆಲ್ ಕ್ರೋ, ಟ್ಸರ್ಮಾಟ್ ಹಳ್ಳಿಯ ಟೌಗ್‌ವಾಲ್ಡರ್ ತಂದೆಮಗ—ಈ ಮೂವರು ಮಾರ್ಗದರ್ಶಿಗಳು. ಏಳು ಮಂದಿಯೂ ತುದಿಯನ್ನು ಮುಟ್ಟಿದರು. ಇಳಿಯುವಾಗ ಹ್ಯಾಡೋವಿನ ಕಾಲು ಜಾರಿತು. ಅವನು ಕ್ರೋನ ಮೇಲೆ ಬಿದ್ದನು. ಆ ಸೆಳೆತಕ್ಕೆ ಹಡ್ಸನ್ನನೂ ಡಗ್ಲಸನೂ ಕಿತ್ತುಬಂದರು. ಹಿರಿಯ ಟೌಗ್‌ವಾಲ್ಡರನಿಗೂ ಡಗ್ಲಸನಿಗೂ ನಡುವೆ ಹಗ್ಗ ಹರಿಯಿತು. ನಾಲ್ವರು ಪಾತಾಳಕ್ಕೆ ಬಿದ್ದು ಸತ್ತರು. ಡಗ್ಲಸನ ದೇಹ ದೊರೆಯಲೇ ಇಲ್ಲ.

ವಿಚಾರಣೆ ನಡೆಯಿತು. ತಂದವುಗಳಲ್ಲಿ ಅತ್ಯಂತ ದುರ್ಬಲವಾದ ಹಗ್ಗವೇ ಆ ಇಬ್ಬರ ನಡುವೆ ಇದ್ದುದು ಬೆಳಕಿಗೆ ಬಂದಿತು. ಮುದುಕನು ತನ್ನ ಜೀವ ಉಳಿಸಿಕೊಳ್ಳಲು ಹಗ್ಗವನ್ನು ಕೊಯ್ದನೆಂಬ ಅಪವಾದ ಹುಟ್ಟಿತು. ನ್ಯಾಯಸ್ಥಾನವು ಅವನಲ್ಲಿ ದೋಷವನ್ನು ಕಾಣಲಿಲ್ಲ; ಆದರೆ ಅಪವಾದಕ್ಕೆ ನ್ಯಾಯಸ್ಥಾನದ ತೀರ್ಪು ಬೇಕಾಗಿಲ್ಲ. ವಿಂಪರನು ಗ್ರಂಥವನ್ನು ಬರೆದು ಲೋಕಪ್ರಸಿದ್ಧನಾದನು. ಟೌಗ್‌ವಾಲ್ಡರನು ಬಾಳಿರುವವರೆಗೂ ಸಂಶಯದ ನೆರಳಿನಲ್ಲಿಯೇ ಬಾಳಿದನು. ಮತ್ತೊಂದು ವಿಚಿತ್ರವೇನೆಂದರೆ, ಆ ದುರಂತವು ಜನರನ್ನು ಹೆದರಿಸಿ ಓಡಿಸಲಿಲ್ಲ, ಸೆಳೆದುತಂದಿತು. ಹರಿದ ಹಗ್ಗದ ತುಂಡು ಟ್ಸರ್ಮಾಟಿನ ವಸ್ತುಸಂಗ್ರಹಾಲಯದಲ್ಲಿದೆ. ಯಾತ್ರಿಕರು ಅದನ್ನು ನೋಡುತ್ತಾರೆ.

ಇದಕ್ಕೆ ಎರಡು ವರ್ಷ ಮುಂಚೆ, 1863ರಲ್ಲಿ, ಥಾಮಸ್ ಕುಕ್ ತನ್ನ ಮೊದಲ ಸ್ವಿಸ್ ಯಾತ್ರಿಕರ ತಂಡವನ್ನು ಕರೆದೊಯ್ದಿದ್ದನು. ಅದರಲ್ಲಿದ್ದ ಜೆಮೈಮಾ ಮೊರೆಲ್ ಎಂಬಾಕೆ ಬರೆದಿಟ್ಟ ದಿನಚರಿ ಸರಿಯಾಗಿ ನೂರು ವರ್ಷಗಳ ತರುವಾಯ ಪ್ರಕಟವಾಯಿತು. ಉದ್ದ ಲಂಗವನ್ನುಟ್ಟು ಹಿಮನದಿಗಳನ್ನು ದಾಟಿದ ಆ ಪ್ರವಾಸದಿಂದ, ಶ್ರೀಮಂತರ ಸ್ವತ್ತಾಗಿದ್ದ ಬೆಟ್ಟ ಸಾಧಾರಣ ವರಮಾನದವರ ಕೈಗೂ ಬಂದಿತು. ರೈಲು ಇದಕ್ಕೆ ಬೆಂಬಲವಾಯಿತು. ಸ್ವಿಸ್ ಸರ್ಕಾರವು ರೈಲುದಾರಿಗಳ ಯೋಜನೆಗಾಗಿ 1850ರಲ್ಲಿ ಸಲಹೆ ಕೇಳಿದುದು ಆಂಗ್ಲ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ನನನ್ನು. ಆದರೆ 1871ರಲ್ಲಿ ರಿಗಿ ಬೆಟ್ಟಕ್ಕೆ ಹಲ್ಲುಹಳಿಯ ರೈಲನ್ನು ಏರಿಸಿದವನು ರಿಗೆನ್‌ಬಾಕ್. ಯುಂಗ್‌ಫ್ರೌ ಬೆಟ್ಟದ ಕಣಿವೆಬಾಯಿಗೆ, ಐಗರ್ ಶಿಖರದ ಒಡಲನ್ನೇ ಕೊರೆದು ರೈಲನ್ನು ಒಯ್ಯುವ ಯೋಜನೆ ಹಾಕಿದವನು ಟ್ಸೂರಿಕ್ ಸೀಮೆಯ ಗೂಯರ್-ಟ್ಸೆಲ್ಲರ್. ಆ ಕೆಲಸ 1896ರಲ್ಲಿ ಮೊದಲಾಯಿತು. ಆತನು 1899ರಲ್ಲಿ ತೀರಿಕೊಂಡನು. ರೈಲು 11,300 ಅಡಿಗೂ ಮೇಲಿನ ನಿಲ್ದಾಣವನ್ನು ಮುಟ್ಟಿದುದು 1912ರಲ್ಲಿ.

ಚಳಿಗಾಲವನ್ನೂ ಹಣವಾಗಿಸಿದ ಕಥೆ ಸ್ವಾರಸ್ಯವಾದುದು. ಸೇಂಟ್ ಮಾರಿಟ್ಸಿನ ಹೋಟೆಲಿನ ಯಜಮಾನ ಬಾಡ್ರುಟ್ ಎಂಬಾತನು 1864ರಲ್ಲಿ ತನ್ನ ಆಂಗ್ಲ ಅತಿಥಿಗಳೊಡನೆ ಪಂಥ ಕಟ್ಟಿದನಂತೆ: ಚಳಿಗಾಲದಲ್ಲಿ ಬನ್ನಿ, ಬಿಸಿಲು ಬೀಳದಿದ್ದರೆ ನಿಮ್ಮ ದಾರಿಯ ಖರ್ಚು ನನ್ನದು. ಅವರು ಬಂದರು, ವಸಂತದವರೆಗೂ ಕದಲಲಿಲ್ಲ. ಕಥೆಗೆ ಬಣ್ಣ ಹತ್ತಿರಬಹುದು. ಊರು ಬೆಳೆದುದಂತೂ ದಿಟ. ಡಾವೋಸ್ ಕಣಿವೆಗೆ ಕ್ಷಯರೋಗಿಗಳು ಬಂದರು. ಸ್ಟೀವನ್‌ಸನ್ ಅಲ್ಲಿ ‘ಟ್ರೆಷರ್ ಐಲೆಂಡ್’ ಕಾದಂಬರಿಯನ್ನು ಮುಗಿಸಿದನು. ಕಾಯಿಲೆಯ ಹೆಂಡತಿಯೊಡನೆ ಬಂದಿದ್ದ ಕಾನನ್ ಡಾಯ್ಲ್ 1894ರಲ್ಲಿ ಸ್ಕೀ ಕಟ್ಟಿಕೊಂಡು ಕಣಿವೆ ದಾಟಿ, ಆ ಸಾಹಸವನ್ನು ಲಂಡನ್ನಿನ ಪತ್ರಿಕೆಯಲ್ಲಿ ವರ್ಣಿಸಿದನು. ಅದಕ್ಕೆ ಕೆಲವೇ ತಿಂಗಳ ಮುಂಚೆ ಆತನು ಷರ್ಲಾಕ್ ಹೋಮ್ಸನನ್ನು ಮೈರಿಂಗನ್ ಊರಿನ ರೈಕನ್‌ಬಾಕ್ ಜಲಪಾತಕ್ಕೆ ಉರುಳಿಸಿದ್ದನು. ಎಂದೂ ಬದುಕಿರದ ಮನುಷ್ಯನೊಬ್ಬನು ಸತ್ತ ಸ್ಥಳವನ್ನು ನೋಡಲು ಜನ ಇಂದಿಗೂ ಅಲ್ಲಿಗೆ ಹೋಗುತ್ತಾರೆ.

ಸ್ಕೀ ಆಟದ ‘ಸ್ಲಾಲಮ್’ ಪಂದ್ಯಕ್ಕೆ 1922ರಲ್ಲಿ ಮ್ಯೂರನ್ ಹಳ್ಳಿಯಲ್ಲಿ ಈಗಿನ ರೂಪವನ್ನು ಕೊಟ್ಟ ಆರ್ನಾಲ್ಡ್ ಲನ್ ಹುಟ್ಟಿದ್ದು ನಮ್ಮ ನೆರೆಯ ಮದರಾಸಿನಲ್ಲಿ, 1888ರಲ್ಲಿ. ಆತನ ತಂದೆ ಅಲ್ಲಿ ಮೆಥಡಿಸ್ಟ್ ಪಾದ್ರಿಯಾಗಿದ್ದು, ಆಮೇಲೆ ಇಂಗ್ಲಿಷರನ್ನು ಆಲ್ಪ್ಸಿಗೆ ಕರೆದೊಯ್ಯುವ ಉದ್ಯಮವನ್ನು ಹೂಡಿದನು. ಮ್ಯೂರನಿನ ಆ ಆಂಗ್ಲ ಸಂಘಕ್ಕೆ ‘ಕಂದಹಾರ್’ ಎಂದು ಹೆಸರು. ಆಫ್ಘನ್ ಯುದ್ಧದಿಂದ ಪ್ರಸಿದ್ಧನಾದ ಲಾರ್ಡ್ ರಾಬರ್ಟ್ಸನ ಬಿರುದು ಹಿಮದ ಹಳ್ಳಿಗೆ ಹೀಗೆ ಬಂದು ಸೇರಿತು.

ಇಷ್ಟೆಲ್ಲ ಪರದೇಶದವರು, ಪರದೇಶದ ಹಣ, ಪರಭಾಷೆ ಒಂದು ಬಡನಾಡಿಗೆ ನುಗ್ಗಿದಾಗ ಆ ನಾಡಿನವರು ತಮ್ಮ ಮನೆಯಲ್ಲಿಯೇ ಆಳುಗಳಾಗಬಹುದಾಗಿತ್ತು. ಹಾಗೆ ಆಗದಿದ್ದುದು ಹೇಗೆ? ಇದೇ ಮುಖ್ಯವಾದ ಪ್ರಶ್ನೆ. ಮೊದಲನೆಯದಾಗಿ, ನೆಲದ ಮೇಲಣ ಹಕ್ಕನ್ನು ಹಳ್ಳಿಗಳು ಬಿಗಿಯಾಗಿ ಹಿಡಿದಿದ್ದವು. ಟ್ಸರ್ಮಾಟನ್ನು ಪ್ರಸಿದ್ಧಿಗೆ ತಂದ ಹೋಟೆಲುಗಾರ ಅಲೆಕ್ಸಾಂಡರ್ ಸೈಲರ್ ಅದೇ ಪ್ರಾಂತದ ಇನ್ನೊಂದು ಕಣಿವೆಯವನು. ಅಷ್ಟಕ್ಕೇ ಊರಿನವರು ಅವನಿಗೆ ಗ್ರಾಮದ ಹಕ್ಕನ್ನು ಕೊಡಲೊಪ್ಪದೆ ಹಲವು ವರ್ಷ ವ್ಯಾಜ್ಯವಾಡಿದರು. 1889ರಲ್ಲಿ ಮಾತ್ರವೇ ಅವನು ಅದನ್ನು ಪಡೆದನು. ಅವನಿಗೆ ಇದು ಅನ್ಯಾಯವಾಗಿ ಕಂಡಿರಬೇಕು. ಆದರೆ ಹಣ ತಂದವನಿಗೆಲ್ಲ ಬಾಗಿಲು ತೆರೆಯದ ಆ ಹಟವೇ ಹುಲ್ಲುಗಾವಲನ್ನೂ ಕಾಡನ್ನೂ ಊರಿನ ಕೈಯಲ್ಲಿ ಉಳಿಸಿತು. ಎರಡನೆಯದಾಗಿ, ಮುಖ್ಯ ರೈಲುದಾರಿಗಳನ್ನು ಕೊಳ್ಳಬೇಕೆಂದು ಜನರೇ 1898ರಲ್ಲಿ ಮತವಿತ್ತರು. ಮೂರನೆಯದಾಗಿ, ಅವರು ಆತಿಥ್ಯವನ್ನು ವಿದ್ಯೆಯಾಗಿ ಕಲಿತರು. 1893ರಲ್ಲಿ ಲೋಜಾನಿನಲ್ಲಿ ಹೋಟೆಲು ನಡೆಸುವುದನ್ನು ಕಲಿಸುವ ಪಾಠಶಾಲೆ ತೆರೆಯಿತು. ನೀಡರ್‌ವಾಲ್ಡ್ ಎಂಬ ಹಳ್ಳಿಯ ರೈತನ ಹದಿಮೂರನೆಯ ಮಗ ಸೇಸರ್ ರಿಟ್ಸ್ ಲಂಡನ್ನಿಗೇ ಹೋಗಿ ಸವಾಯ್ ಹೋಟೆಲನ್ನು ನಡೆಸಿ, ಪ್ಯಾರಿಸಿನಲ್ಲಿಯೂ ಲಂಡನ್ನಿನಲ್ಲಿಯೂ ತನ್ನ ಹೆಸರಿನ ಹೋಟೆಲುಗಳನ್ನು ತೆರೆದನು. ಕತ್ತಿ ಹಿಡಿದು ಹೊರಟವನ ಊರಿನಿಂದ ಈಗ ಬೀಗದ ಕೈ ಹಿಡಿದವನು ಹೊರಟನು.

ಪರಾವಲಂಬನೆಯ ಕಷ್ಟ ಅವರಿಗೆ ತಪ್ಪಲಿಲ್ಲ. 1914ರಲ್ಲಿ ಯುದ್ಧ ಹತ್ತಿದೊಡನೆ ಹೋಟೆಲುಗಳು ಬರಿದಾದವು. ಅಗತ್ಯವನ್ನು ತೋರಿಸದೆ ಹೊಸ ಹೋಟೆಲು ಕಟ್ಟಕೂಡದೆಂದು ಸರ್ಕಾರ 1915ರಲ್ಲಿ ಆಜ್ಞೆ ಹೊರಡಿಸಬೇಕಾಯಿತು. ಮರುವರ್ಷ ಆ ಬರಿದಾದ ಹಾಸಿಗೆಗಳಿಗೆ ಬೇರೊಂದು ಬಗೆಯ ಅತಿಥಿಗಳು ಬಂದರು. ಜರ್ಮನಿಯಲ್ಲಿ ಸೆರೆಯಾಗಿದ್ದ, ಗಾಯಗೊಂಡ, ಕಾಯಿಲೆಬಿದ್ದ ಬ್ರಿಟಿಷ್ ಸೈನಿಕರನ್ನು ಒಪ್ಪಂದದ ಮೇಲೆ ಷಾಟೊ ಡೇ, ಮ್ಯೂರನ್ ಊರುಗಳಿಗೆ ಕರೆತಂದು ಇರಿಸಲಾಯಿತು. ಖರ್ಚನ್ನು ಬ್ರಿಟಿಷ್ ಸರ್ಕಾರ ಕೊಡುತ್ತಿತ್ತೆಂಬುದು ನಿಜ. ಆದರೂ ನಿಲ್ದಾಣಗಳಲ್ಲಿ ಹೂವು ಹಿಡಿದು ನಿಂತ ಹಳ್ಳಿಗರಿಗೆ ಹಣ ಕೊಟ್ಟವರು ಯಾರೂ ಇರಲಿಲ್ಲ. ಎರಡನೆಯ ಮಹಾಯುದ್ಧವು ಈ ದಾರಿಯನ್ನು ಮತ್ತೆ ಮುಚ್ಚಿತು. ಅದರ ತರುವಾಯ ಬ್ರಿಟನ್ನಿನ ಬೊಕ್ಕಸವೇ ಬಡವಾಯಿತು. 1947ರಲ್ಲಿ ಅಲ್ಲಿನ ಸರ್ಕಾರ ವಿಹಾರಕ್ಕಾಗಿ ಹೊರದೇಶಕ್ಕೆ ಹಣ ಒಯ್ಯುವುದನ್ನು ಕೆಲಕಾಲ ನಿಲ್ಲಿಸಿತು. 1966ರಲ್ಲಿ ತಲೆಗೆ 50 ಪೌಂಡಿನ ಮಿತಿಯನ್ನು ಹಾಕಿತು. ಹಿಂದೆ ಬಡವನಾಗಿದ್ದ ಆತಿಥೇಯನೇ ಈಗ ಅತಿಥಿಗಿಂತ ಸ್ಥಿತಿವಂತನಾಗಿದ್ದನು.

ಇಂದು ಆ ಬೆಟ್ಟಗಳಿಗೆ ಬರುವವರಲ್ಲಿ ಆಂಗ್ಲರೇ ಪ್ರಧಾನರಲ್ಲ. ಸ್ವಿಸ್ ಜನರೂ ಜರ್ಮನರೂ ಅಮೆರಿಕದವರೂ ಚೀನದವರೂ ನಮ್ಮ ಭಾರತೀಯರೂ ಅದೇ ರೈಲುಗಳಲ್ಲಿ ಏರುತ್ತಾರೆ. ಆದರೆ ನೋಡುವ ವಸ್ತುವೇ ಕರಗತೊಡಗಿದೆ. 19ನೆಯ ಶತಮಾನದ ನಡುವೆ ಗ್ಲೆಟ್ಷ್ ಕಣಿವೆಯ ನೆಲದವರೆಗೂ ಚಾಚಿದ್ದ ರೋನ್ ಹಿಮನದಿ ಈಗ ಬೆಟ್ಟದ ಮೇಲಕ್ಕೆ ಸರಿದುಹೋಗಿದೆ. ಅದರ ಒಂದು ಭಾಗಕ್ಕೆ ಬೇಸಗೆಯಲ್ಲಿ ಬಿಳಿಯ ಕಂಬಳಿ ಹೊದಿಸಿ ಕಾಪಾಡಲೆತ್ನಿಸುತ್ತಾರೆ. 2022 ಮತ್ತು 2023 ಈ ಎರಡೇ ವರ್ಷಗಳಲ್ಲಿ ಆ ದೇಶದ ಹಿಮನದಿಗಳು ತಮ್ಮ ಗಾತ್ರದ ಹತ್ತರಲ್ಲಿ ಒಂದು ಪಾಲನ್ನು ಕಳೆದುಕೊಂಡವು. ಲೋಕದ ನಾಲ್ಕು ಕಡೆಯಿಂದಲೂ ವಿಮಾನವೇರಿ ಅದನ್ನು ನೋಡಲು ಹೋಗುವವರ ಪಾಲೂ ಈ ನಷ್ಟದಲ್ಲಿ ಇಲ್ಲವೆನ್ನುವಂತಿಲ್ಲ.

ಈ ಚರಿತ್ರೆಯಿಂದ ತಿಳಿಯುವುದಿಷ್ಟು. ಪ್ರಕೃತಿಸೌಂದರ್ಯವು ತಾನಾಗಿಯೇ ಯಾವ ದೇಶಕ್ಕೂ ಅನ್ನವನ್ನು ಕೊಡುವುದಿಲ್ಲ. ಅದನ್ನು ಮೆಚ್ಚುವ ಕಣ್ಣು ಹೊರಗಿನಿಂದ ಬರಬಹುದು, ಆದರೆ ದಾರಿ ತೋರುವ ಕೈ, ಬಾಗಿಲ ಬೀಗ, ಲೆಕ್ಕದ ಪುಸ್ತಕ ಇವು ಒಳಗಿನವರಲ್ಲಿ ಉಳಿದರೆ ಮಾತ್ರವೇ ಆತಿಥ್ಯವು ಗೌರವವಾಗುತ್ತದೆ, ಇಲ್ಲದಿದ್ದರೆ ಊಳಿಗವಾಗುತ್ತದೆ. ಐಗರ್ ಶಿಖರದ ಮಾರ್ಗದರ್ಶಿ ಕ್ರಿಶ್ಚಿಯನ್ ಆಲ್ಮರ್ 1896ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಮದುವೆಯ ಐವತ್ತನೆಯ ವರ್ಷದ ಉತ್ಸವಕ್ಕಾಗಿ ಹೆಂಡತಿಯನ್ನು ಕರೆದುಕೊಂಡು ತನ್ನ ಊರ ಮೇಲಣ ವೆಟರ್‌ಹಾರ್ನ್ ಶಿಖರವನ್ನು ಏರಿದನು. ಅಷ್ಟು ವರ್ಷ ಕೂಲಿಗಾಗಿ ಪರರನ್ನು ಒಯ್ದಿದ್ದ ಆ ಬೆಟ್ಟಕ್ಕೆ ಅಂದು ಆತನು ಹೋದದ್ದು ತನ್ನ ಸಂತೋಷಕ್ಕಾಗಿ.